‘ವಿತ್ತಿ ನಾ ಕ್ರೊತ್ಸಾ’: ಕುಣಿಯೋ ಹಾಡಾ, ಅಳೋ ಹಾಡಾ?

ಪ್ರಶ್ನೆ: ನಮಸ್ತೆ ಮೇಡಂ. ನಾನಿರೋದು ಮಿಲಾನ್‌ನಲ್ಲಿ. ಇಲ್ಲಿನ ಹವ್ಯಾಸಿ ಗಾಯನ ತಂಡದಲ್ಲಿ ಸಿಸಿಲಿಯ ‘ವಿತ್ತಿ ನಾ ಕ್ರೊತ್ಸಾ’ ಕಲಿಯುತ್ತಿದ್ದೇವೆ. ‘ನಾನೊಂದು ತಲೆಬುರುಡೆ ನೋಡಿದೆ’ ಅಂತ ಅರ್ಥವಂತೆ. ಯೂಟ್ಯೂಬ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಥರ. ಕೆಲವರು ಅಕಾರ್ಡಿಯನ್ ಹಿಡಿದು, ನಡುನಡುವೆ ‘ಲಲ್ಲೆರೊ’ ಅಂತ ಕುಣಿಸುತ್ತಾರೆ. ಕೆಲವರದು ಕೇಳಿದರೆ ಗಂಟಲು ಕಟ್ಟುತ್ತದೆ. ಮೂಲ ಯಾವುದು? ಮೊದಲ ಸಾಲಿನಲ್ಲೇ ಬುರುಡೆ ಫಿರಂಗಿ ಮೇಲಿದೆ ಅಂತ ಬರುತ್ತದಲ್ಲ, ಅದು ಅಲ್ಲಿ ಯಾಕಿದೆ?

ಉತ್ತರ: ಫಿರಂಗಿಯಿಂದಲೇ ಶುರು ಮಾಡೋಣ. ಹಾಡಿನಲ್ಲಿರೋ ಪದ ‘ಕನ್ನೂನಿ’. ಇಟಾಲಿಯನ್ ಗೊತ್ತಿದ್ದವರಿಗೆ ಅದು ಫಿರಂಗಿ ಅಂತಲೇ ಕೇಳಿಸುತ್ತದೆ. ಆದರೆ ಇಲ್ಲಿ ಅದು ಕೋಟೆಯ ಬುರುಜು. ಹಾಡುವವನು ಸುಮ್ನೆ ಹೋಗಲಾರದೆ ಬುರುಡೆಯನ್ನು ಮಾತಾಡಿಸುತ್ತಾನೆ. ‘ನಾನು ಸತ್ತಾಗ ಒಂದು ಗಂಟೆಯೂ ಬಾರಿಸಲಿಲ್ಲ’ ಅಂತ ಅದು ಸಂಕಟದಿಂದ ಹೇಳುತ್ತದೆ. ಇಗರ್ಜಿಯ ಗಂಟೆ ಇಲ್ಲದ ಸಾವು ಅಂದರೆ ದಿಕ್ಕಿಲ್ಲದವನ ಸಾವು, ಅಲ್ವಾ?

ಇನ್ನು ಮೂಲದ ಮಾತು. ಎಲ್ಲರೂ ಇದನ್ನು ಜನಪದ ಗೀತೆ ಅನ್ನುತ್ತಾರೆ, ಅದು ಅರ್ಧ ಸತ್ಯ. 1950ರಲ್ಲಿ ಪಿಯೆತ್ರೊ ಜೆರ್ಮಿ ಅವರು ಸಿಸಿಲಿಯ ಗಂಧಕದ ಗಣಿ ಕಾರ್ಮಿಕರ ಮೇಲೆ ‘ಇಲ್ ಕಮ್ಮಿನೊ ದೆಲ್ಲಾ ಸ್ಪೆರಾನ್ತ್ಸಾ’ (ಭರವಸೆಯ ಹಾದಿ) ಅನ್ನೋ ಸಿನಿಮಾ ತೆಗೆದರು. ಆಗ ಫವಾರಾ ಊರಿನ ಒಬ್ಬ ಮುದುಕ ಗಣಿ ಕಾರ್ಮಿಕ ಈ ಸಾಲುಗಳನ್ನು ಹೇಳಿದ. ರಾಗ ಹಾಕಿದವರು ಪೋರ್ತೊ ಎಂಪೆದೊಕ್ಲೆಯ ಫ್ರಾಂಕೊ ಲಿ ಕಾವ್ಸಿ. ಅಂದರೆ ಮಾತು ಜನರದು, ರಾಗ ಒಬ್ಬರದು. ಆ ‘ಲಲ್ಲೆರೊ’ ಆಮೇಲೆ ಸೇರಿಕೊಂಡಿದ್ದು. ನನಗದು ಸಾವಿನ ಮನೇಲಿ ಓಲಗ ಊದಿದ ಹಾಗೆ ಕೇಳಿಸುತ್ತದೆ.

ಪ್ರಶ್ನೆ: ಆದರೆ ಜನಕ್ಕೆ ಅದೇ ಜಾಸ್ತಿ ಇಷ್ಟ, ಬಿಡೋದು ಬೇಡ ಅಂತಾರೆ ನಮ್ಮ ಮೇಷ್ಟ್ರು.

ಉತ್ತರ: ಹಾಗಿದ್ದರೆ ಒಂದೇ ಒಂದು ಕಡೆ ಬಿಡಿಸಿ. ಎಂಬತ್ತು ತುಂಬಿದವನು ಬದುಕನ್ನು ಕರೆದರೆ ಸಾವು ಓಗೊಡುತ್ತದೆ ಅನ್ನೋ ಸಾಲು ಬರುತ್ತದಲ್ಲ, ಅದಾದ ಮೇಲೆ ‘ಲಲ್ಲೆರೊ’ ಬೇಡವೇ ಬೇಡ. ಎರಡು ಉಸಿರಿನಷ್ಟು ಸುಮ್ಮನಿರಿ.

ಇನ್ನೊಂದು ಮಾತು. ಎಷ್ಟೋ ಜನ ಹಾಡಿನಲ್ಲಿ ಬರೋ ಸಿಸಿಲಿಯ ನುಡಿ ‘ದುಲೂರಿ’ಯನ್ನು ಇಟಾಲಿಯನ್ನಿನ ‘ದೊಲೋರೆ’ ಮಾಡಿಬಿಡುತ್ತಾರೆ. ಎರಡರ ಅರ್ಥವೂ ನೋವು ಅಂತಲೇ. ಆದರೆ ಆ ‘ಉ’ಕಾರ ಹೋದರೆ ಊರೇ ಹೋಯಿತು. ಮೊದಲು ರಾಗ ಬಿಟ್ಟು, ಬರೀ ಮಾತನ್ನು ಒಂದು ವಾರ ಓದಿ. ತಂಡದಲ್ಲಿ ಸಿಸಿಲಿಯವರು ಯಾರಾದರೂ ಇದ್ದರೆ ಅವರ ಬಾಯಿಂದಲೇ ಹೇಳಿಸಿ ಕೇಳಿ.