ಮನೆ ಫೋಟೋ ರಾಶಿಗೆ ಹೆಸರು, ಊರು, ಇಸವಿ: ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಉತ್ತರ ಕೊಡುವವರು ಮೈಸೂರಿನಲ್ಲಿ ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿ ಜೋಡಿಸಿಕೊಡುವ ಮೇಡಂ. ಪ್ರಶ್ನೆ ಕೇಳುವವರು ಊರು ಅಥವಾ ಬಡಾವಣೆ ಬರೆಯಿರಿ.

ಕುವೆಂಪುನಗರ: ನಮಸ್ಕಾರ ಮೇಡಂ. ಮೂರು ಫೋನು, ಎರಡು ಲ್ಯಾಪ್‌ಟಾಪು, ಡಬ್ಬಿ ತುಂಬ ಪೆನ್‌ಡ್ರೈವು. ಎಲ್ಲಿಂದ ಶುರು ಮಾಡಲಿ?

ಮೇಡಂ: ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ತುಂಬಿಸಿ. ಇನ್ನೊಂದು ಪ್ರತಿ ಮಾಡಿ ಬೇರೆ ಮನೆಯಲ್ಲಿಡಿ. ಆಮೇಲೆ ಇಸವಿಗೊಂದು ಫೋಲ್ಡರ್. ಫೈಲ್ ಹೆಸರು ಇಸವಿಯಿಂದ ಶುರುವಾಗಲಿ: 2014-05-11 ಮದ್ದೂರು ಗೃಹಪ್ರವೇಶ. ಆಗ ತಾವಾಗೇ ಸಾಲಾಗಿ ನಿಲ್ಲುತ್ತವೆ. ಟ್ಯಾಗ್, ಅಂದರೆ ಫೋಟೋ ಹುಡುಕೋಕೆ ಹೆಸರು, ಊರಿನ ಗುರುತು, ಹಾಕೋಕೆ ಡಿಜಿಕ್ಯಾಮ್ ಅನ್ನೋ ಕಂಪ್ಯೂಟರ್ ಸಾಫ್ಟ್‌ವೇರ್ ಸಾಕು, ಉಚಿತ. ಟ್ಯಾಗನ್ನು ಫೈಲ್ ಒಳಗೇ ಬರೆಯುವ ಸೆಟ್ಟಿಂಗ್ ಆನ್ ಇರಲಿ.

ವಿಜಯನಗರ: ವಾಟ್ಸಾಪ್ ಫ್ಯಾಮಿಲಿ ಗ್ರೂಪಲ್ಲಿ ಹಾಕಿಟ್ಟರೆ ಸಾಲದಾ?

ಮೇಡಂ: ಸಾಲದು. ಫೋಟೋ ಕುಗ್ಗುತ್ತದೆ, ತೆಗೆದ ದಿನ, ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಪಾಂಡವಪುರ: ಮೇಡಂ, ನಮ್ಮಜ್ಜಿಗೆ 88. ಟ್ರಂಕ್ ತುಂಬ ಕಪ್ಪು-ಬಿಳುಪು ಫೋಟೋ. ಯಾರು ಯಾರು ಅಂತ ಅವರೊಬ್ಬರಿಗೇ ಗೊತ್ತು. ಎಲ್ಲಾ ಸ್ಕ್ಯಾನ್ ಆಗಲಿ, ದೀಪಾವಳಿಗೆ ಕೂತು ಕೇಳೋಣ ಅಂತಾನೆ ಅಣ್ಣ.

ಮೇಡಂ: ದಯವಿಟ್ಟು ಕಾಯಬೇಡಿ. ಸ್ಕ್ಯಾನ್ ಮುಂದಿನ ವರ್ಷವೂ ಮಾಡಬಹುದು. ಈ ವಾರವೇ ಅಜ್ಜಿ ಜೊತೆ ಕೂತುಕೊಳ್ಳಿ. ಫೋಟೋ ಹಿಂದೆ ಮೂಲೆಯಲ್ಲಿ ಮೆತ್ತನೆ ಪೆನ್ಸಿಲಲ್ಲಿ ನಂಬರ್ ಹಾಕಿ. ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಮುಂದಕ್ಕೆ ಮೂಡುತ್ತದೆ. ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿ, ನಂಬರ್ ಗಟ್ಟಿಯಾಗಿ ಹೇಳಿ, ಆಮೇಲೆ ಅಜ್ಜಿ ಮಾತಾಡಲಿ. "ಇದ್ಯಾರು, ಅದ್ಯಾರು" ಅಂತ ಪರೀಕ್ಷೆ ಮಾಡಬೇಡಿ. "ಇದು ಯಾರ ಮನೆ ಮದುವೆ, ಅಡುಗೆಗೆ ಯಾರು ಬಂದಿದ್ರು" ಅಂತ ಕೇಳಿ. ಮದುವೆ ನೆನಪಾದರೆ ಹೆಸರು ಹಿಂದೆಯೇ ಬರುತ್ತವೆ.

ಟ್ಯಾಗಲ್ಲಿ ಅಜ್ಜಿ, ದೊಡ್ಡಪ್ಪ, ಸೋದರಮಾವ ಅಂತ ಹಾಕಲೇಬೇಡಿ. ನಿಮ್ಮ ದೊಡ್ಡಪ್ಪ ಅವರ ಮಗಳಿಗೆ ಅಪ್ಪ, ನಿಮ್ಮ ಮಗನಿಗೆ ತಾತ. ಪೂರ್ತಿ ಹೆಸರು ಹಾಕಿ, ನೆಂಟಸ್ತಿಕೆ ವಿವರಣೆಯಲ್ಲಿ ಬರೆಯಿರಿ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುತ್ತೇವೆ ಅಲ್ವಾ, ಅದಕ್ಕೆ ಹೆಸರಿನ ಜೊತೆ ಊರು, ಅಂದಾಜು ಹುಟ್ಟಿದ ಇಸವಿ ಇರಲಿ. ಹೆಣ್ಣುಮಕ್ಕಳಿಗೆ ತವರೂರು, ಕೊಟ್ಟ ಊರು ಎರಡೂ. ಯಾರೆಂದು ತಿಳಿಯದಿದ್ದರೆ "ಗುರುತಿಲ್ಲ" ಅಂತಲೇ ಟ್ಯಾಗ್ ಹಾಕಿ, ಮುಂದೆ ಅವನ್ನಷ್ಟೇ ತೆಗೆದು ಬೇರೆ ನೆಂಟರಿಗೆ ತೋರಿಸಬಹುದು. ಹಿಂದೆ ಕಾಣುವ ಬೋರ್ಡನ್ನೂ ಓದಿ. "ಮೈಸೂರು ರಾಜ್ಯ" ಅಂತಿದ್ದರೆ ಬಹುಶಃ 1973ರ ನವೆಂಬರ್‌ಗಿಂತ ಹಿಂದಿನದು.

ಶ್ರೀರಂಗಪಟ್ಟಣ: ಮದುವೆಯ ವಿಡಿಯೋ ಕ್ಯಾಸೆಟ್ ಇದೆ ಮೇಡಂ, ಏನು ಮಾಡಲಿ?

ಮದ್ದೂರು: ಬಂದ ಮೆಸೇಜ್ ಹಾಕ್ತಿದ್ದೇನೆ, ಎಲ್ಲರಿಗೂ ಉಪಯೋಗ. "ಬೂಷ್ಟು ಹಿಡಿದ ಫೋಟೋಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ. ಟಕ್ ಟಕ್ ಅನ್ನುವ ಹಾರ್ಡ್ ಡಿಸ್ಕನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ."

ಮೇಡಂ: ಎರಡೂ ಮಾಡಬೇಡಿ. ಎಣ್ಣೆ ಪೇಪರಿಗೆ ಇಳಿದರೆ ಕಲೆ ಹೋಗಲ್ಲ. ಫ್ರೀಜರ್‌ನಿಂದ ತೆಗೆದ ಡಿಸ್ಕಿನಲ್ಲಿ ತೇವ ಕೂರುತ್ತದೆ. ಸದ್ದು ಬಂದ ಕೂಡಲೇ ಆಫ್ ಮಾಡಿ ಡೇಟಾ ರಿಕವರಿಯವರಿಗೆ ಕೊಡಿ. ಮತ್ತೆ ಮತ್ತೆ ಆನ್ ಮಾಡಿದರೆ ಉಳಿದಿದ್ದೂ ಹೋಗುತ್ತದೆ.

ಮದ್ದೂರು: ನಮ್ಮ ಭಾವ ಮಾಡಿದ್ರು, ಸರಿಹೋಯ್ತು.

ಮೇಡಂ: ಅವರ ಡಿಸ್ಕು, ಅವರಿಷ್ಟ. ಬೇರೆಯವರಿಗೆ ಹೇಳಬೇಡಿ.

ಜಯಲಕ್ಷ್ಮೀಪುರಂ: ಇಷ್ಟೆಲ್ಲಾ ಯಾಕೆ? ಗೂಗಲ್ ಫೋಟೋಸ್ ಮುಖ ನೋಡಿ ತಾನೇ ಗುಂಪು ಮಾಡುತ್ತೆ. ಟ್ಯಾಗ್ ಹಾಕೋದಾದರೂ ಇಂಗ್ಲಿಷಲ್ಲೇ ಇರಲಿ, ನಮ್ಮ ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ.

ಮಂಡ್ಯ: ಕಲಿಸಬೇಕಿತ್ತು.

ಜಯಲಕ್ಷ್ಮೀಪುರಂ: ಅದು ನಮ್ಮ ಮನೆ ವಿಷಯ ಸ್ವಾಮಿ.

ಮಂಡ್ಯ: ಗ್ರೂಪಲ್ಲಿ ಹೇಳಿದ್ದು ನೀವೇ. ಒಂದೇ ಊರನ್ನು ಇಂಗ್ಲಿಷಲ್ಲಿ ನಾಲ್ಕು ಥರ ಬರೀತೀರಿ, ಆಮೇಲೆ ಹುಡುಕಿದರೆ ಸಿಗಲ್ಲ.

ಮೇಡಂ: ಜಗಳ ಬೇರೆ ಕಡೆ ಆಡಿ. ಯಾವ ಭಾಷೆಯಾದರೂ ಸರಿ, ಒಂದೇ ಕಾಗುಣಿತ ಇರಲಿ, ಒಂದು ಪಟ್ಟಿ ಮಾಡಿ ಮನೆಯವರೆಲ್ಲ ಅದನ್ನೇ ನೋಡಿ ಬರೆಯಿರಿ. ಗೂಗಲ್‌ನಲ್ಲಿ ಮುಖಕ್ಕೆ ಕೊಟ್ಟ ಹೆಸರು ಆ ಖಾತೆಯಲ್ಲಿ ಇರುತ್ತದೆ, ಫೋಟೋ ಫೈಲಿನಲ್ಲಿ ಅಲ್ಲ. ಖಾತೆ ಹೋದರೆ ಹೆಸರೂ ಹೋಯಿತು.

ನಂಜನಗೂಡು: ವಾಟ್ಸಾಪಲ್ಲಿ ಇಟ್ಟರೆ ಆಗುತ್ತಾ ಮೇಡಂ?

ಮೇಡಂ: ಮೇಲೆ ಓದಿ.

ಶ್ರೀರಂಗಪಟ್ಟಣ: ಮೇಡಂ, ಕ್ಯಾಸೆಟ್?

ಪಾಂಡವಪುರ: ಈಗಲೇ ಕೂತೆವು ಮೇಡಂ. ಒಂದೇ ಹುಡುಗನಿಗೆ ಅಜ್ಜಿ ಮೊದಲು ಒಂದು ಹೆಸರು ಹೇಳಿದರು, ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು.

ಮೇಡಂ: ಬಹಳ ಒಳ್ಳೇದು ಮಾಡಿದಿರಿ. ಅಜ್ಜಿಯನ್ನು ತಿದ್ದಬೇಡಿ. ಎರಡೂ ಹೆಸರು ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿ, ಯಾವತ್ತು ಹೇಳಿದರು ಅಂತಲೂ ಬರೆಯಿರಿ. ಅದೇ ಹುಡುಗ ಬೇರೆ ಫೋಟೋಗಳಲ್ಲಿ ಯಾರ ಪಕ್ಕ ನಿಂತಿದ್ದಾನೆ ನೋಡಿ. ನಾಳೆ ಬೆಳಿಗ್ಗೆ, ಅವರು ತಿಂಡಿ ತಿಂದು ಆರಾಮಾಗಿದ್ದಾಗ, ಆ ಫೋಟೋ ಮತ್ತೆ ತೋರಿಸಿ.