ಅಪ್ಪನ ಪದ್ಮಿನಿ ಇಟ್ಟುಕೊಳ್ಳಲಾ, ಜಿಮ್ನಿ ತಗೊಳ್ಳಲಾ?

ಪ್ರಶ್ನೆ, ಮೂಡಿಗೆರೆ ಕಡೆಯಿಂದ:
ಅಪ್ಪ 1982ರಲ್ಲಿ ತಗೊಂಡ ಪ್ರೀಮಿಯರ್ ಪದ್ಮಿನಿ ಆರು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ರಿಪೇರಿ ಮಾಡಿಸಿ ಓಡಿಸಲಾ, ಇಲ್ಲಾ ಕೊಟ್ಟುಬಿಟ್ಟು ಮಾರುತಿಯ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಬಲ ಹೋಗುವ) ಜಿಮ್ನಿ ತಗೊಳ್ಳಲಾ? ಟಾರ್ ರಸ್ತೆಯಿಂದ ತೋಟದ ಮನೆಗೆ ಒಂದು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಏರು. ಓಡಿಸಿದವರು ಹೇಳಿ.

ಸಕಲೇಶಪುರದಿಂದ:
ನಮ್ಮನೇಲಿ ಎರಡೂ ಇವೆ. ನಿಮ್ಮ ಪ್ರಶ್ನೆಗೆ ಉತ್ತರ ಆ ಏರಿನಲ್ಲೇ ಇದೆ. ಪದ್ಮಿನಿಯಲ್ಲಿ ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗೆ ಮಾತ್ರ. ಒಂದು ಚಕ್ರ ಕೆಸರಲ್ಲಿ ಜಾರಿತೋ, ಅದೊಂದೇ ಸುಮ್ನೆ ತಿರುಗುತ್ತದೆ. ಜುಲೈ ಬಂತೆಂದರೆ ಅಪ್ಪ ಡಿಕ್ಕಿಯಲ್ಲಿ ಎರಡು ಗೊಬ್ಬರದ ಚೀಲ ಹೇರಿಕೊಂಡೇ ಹೊರಡುತ್ತಿದ್ದರು. ಹಿಂದಿನ ಚಕ್ರಕ್ಕೆ ಭಾರ ಬೀಳಲಿ ಅಂತ. ಆದರೂ ಲೈನಿನ (ತೋಟದ ಕೆಲಸದವರ ಮನೆಗಳ) ಹುಡುಗರನ್ನು ತಳ್ಳಲು ಕರೆಯುವುದು ತಪ್ಪಲಿಲ್ಲ.

ಜಿಮ್ನಿ ನಿಲ್ಲಿಸಿ, ಲಿವರನ್ನು ನಾಲ್ಕೂ ಚಕ್ರಕ್ಕೆ ನಿಧಾನದ ಗೇರಿನಲ್ಲಿ ಬಲ ಹೋಗುವ ಫೋರ್ ಎಲ್‌ಗೆ ಹಾಕಿದರೆ ಅದೇ ಏರನ್ನು ನಡೆಯುವ ವೇಗದಲ್ಲಿ ಹತ್ತುತ್ತದೆ. ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಿಡಿದು, ಹಿಡಿತ ಇರುವ ಚಕ್ರಕ್ಕೆ ಬಲ ಕೊಡುತ್ತದೆ. ಹೊಟ್ಟೆ ನೆಲದಿಂದ 210 ಮಿ.ಮೀ. ಮೇಲಿರುವುದರಿಂದ ದಾರಿ ನಡುವಿನ ದಿಬ್ಬವೂ ಅಷ್ಟಾಗಿ ತಾಗುವುದಿಲ್ಲ. ಹಾಗಂತ ಮಂತ್ರ ಏನಲ್ಲ. ಮೊದಲ ಮಳೆಗಾಲದಲ್ಲೇ ನಾನು ಹೂತುಕೊಂಡಿದ್ದೆ. ತಪ್ಪು ನನ್ನದೇ, ಟಾರ್ ರಸ್ತೆಯ ಟೈರಿನಲ್ಲೇ ಇಳಿದಿದ್ದೆ. ಸಂದಿಗಳಲ್ಲೆಲ್ಲ ಕೆಸರು ತುಂಬಿ ಟೈರು ಬೋಳಾಗಿತ್ತು. ಟೈರಿಗೆ ಕಾಸು ಎತ್ತಿಡಿ.

ಇನ್ನು ಘಾಟಿ. ಬೇಸಿಗೆಯಲ್ಲಿ ಪದ್ಮಿನಿ ಚಾರ್ಮಾಡಿ ಹತ್ತುವಾಗ ಬಿಸಿಗೆ ಪೆಟ್ರೋಲ್ ಆವಿಯಾಗಿ ಎಂಜಿನ್ ನಿಂತುಹೋಗುತ್ತಿತ್ತು. ಕಾರ್ಬೊರೇಟರ್ ಕಾಲದ ಕಾರುಗಳಿಗೆಲ್ಲ ಇದು ಇದ್ದದ್ದೇ. ಅಪ್ಪ ಟವೆಲ್ ಒದ್ದೆ ಮಾಡಿ ಪೆಟ್ರೋಲ್ ಪಂಪಿನ ಮೇಲೆ ಹಾಕುವರು, ಅಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವಳು. ಲೋಟ ಖಾಲಿಯಾಗುವ ಹೊತ್ತಿಗೆ ಗಾಡಿ ಸ್ಟಾರ್ಟ್! ಇಳಿಯುವಾಗ ಮಾತ್ರ ಹುಷಾರು. ನಾಲ್ಕೂ ಡ್ರಮ್ ಬ್ರೇಕು, ಕಾದರೆ ಹಿಡಿಯುವುದಿಲ್ಲ. ಸೆಕೆಂಡ್ ಗೇರಿನಲ್ಲೇ ಇಳಿಸಿ.

ಒಂದೇ ಗಾಡಿ ಸಾಕುವ ತಾಕತ್ತಿದ್ದರೆ ಜಿಮ್ನಿ. ಎರಡಕ್ಕಿದ್ದರೆ ಪದ್ಮಿನಿ ಕೊಡಬೇಡಿ. ನವೆಂಬರಿನಿಂದ ಮೇ ತನಕ ಅದನ್ನು ಓಡಿಸುವ ಖುಷಿಯೇ ಬೇರೆ.

ಮಂಗಳೂರಿನಿಂದ:
ಆರು ವರ್ಷ ನಿಂತ ಗಾಡಿಗೆ ಸೀದಾ ಸೆಲ್ಫ್ ಹೊಡೆಯಬೇಡಿ. ಹಳೇ ಪೆಟ್ರೋಲ್ ಅಂಟಾಗಿರುತ್ತದೆ, ಟ್ಯಾಂಕ್ ಇಳಿಸಿ ತೊಳೆಸಿ. ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆ, ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ತಾಳುವುದಿಲ್ಲ. ಮೊದಲು ಮ್ಯಾಟ್ ಎತ್ತಿ, ಗಾಡಿಯ ನೆಲ ತುಕ್ಕು ಹಿಡಿದಿದೆಯಾ ನೋಡಿ. ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುತ್ತಾ? ಹಾಗಿದ್ದರೆ ಎಂಜಿನ್‌ಗಿಂತ ಟಿಂಕರಿಂಗ್ ಖರ್ಚೇ ಜಾಸ್ತಿ.

ಆರ್‌ಸಿ ನೋಡಿದಿರಾ? 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. ವಿಂಟೇಜ್ (ಹಳೇ ಕಾಲದ ಗಾಡಿಗಳಿಗೆ ಕೊಡುವ) ನೋಂದಣಿ ಬೇಕೆಂದರೆ ಗಾಡಿಗೆ 50 ವರ್ಷ ತುಂಬಿರಬೇಕು. ಅಂದರೆ 2032ರ ತನಕ ಆ ಆಸೆ ಬಿಡಿ. ಆಮೇಲೂ ಅದರಲ್ಲಿ ದಿನಾ ಓಡಾಡುವ ಹಾಗಿಲ್ಲ.

ಸೋಮವಾರಪೇಟೆಯಿಂದ:
ಜಿಮ್ನಿ ತಗೊಂಡರೆ ಒಂದು ಮಾತು. ಕೆಸರು ದಾಟಿ ಟಾರ್ ರಸ್ತೆಗೆ ಬಂದ ಕೂಡಲೇ ಹಿಂದಿನ ಎರಡೇ ಚಕ್ರಕ್ಕೆ ಬಲ ಹೋಗುವ ಟೂ ಎಚ್‌ಗೆ ಹಾಕಿ. ತಿರುವಿನಲ್ಲಿ ಸ್ಟೀರಿಂಗ್ ಬಿಗಿಯಾಗಿ ಗಾಡಿ ಎಳೆದ ಹಾಗಾದರೆ, ಮರೆತಿದ್ದೀರಿ ಅಂತಲೇ.