ದೊಡ್ಡಮ್ಮನ ಪ್ರಶ್ನೆಗೆ ಉತ್ತರ: ಗರ್ಭಪಾತ, ವಂಶವಾಹಿ ಮತ್ತು ಸೂಕ್ಷ್ಮಜೀವಿಗಳು

ದೊಡ್ಡಮ್ಮ, ಅಕ್ಕನಿಗೆ ಎರಡನೆಯ ಬಾರಿಯೂ ಗರ್ಭ ನಿಲ್ಲಲಿಲ್ಲ, ಇದು ವಂಶದಿಂದ ಬಂದ ದೋಷವೇ, ಒಳ್ಳೆಯ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ ಕೊಟ್ಟರೆ ಸರಿಹೋಗುವುದೇ ಎಂದು ನೀವು ಕೇಳಿದ್ದೀರಿ. ಅಕ್ಕನೂ ಇದನ್ನು ಕೇಳಿಸಿಕೊಳ್ಳುವುದರಿಂದ ಮೊದಲು ಅವಳಿಗೇ ಹೇಳುತ್ತೇನೆ: ಮೆಟ್ಟಿಲು ಹತ್ತಿದ್ದರಿಂದಾಗಲಿ, ದಿನವೂ ಕೆಲಸಕ್ಕೆ ಹೋಗಿಬಂದದ್ದರಿಂದಾಗಲಿ ಗರ್ಭಪಾತವಾಗುವುದಿಲ್ಲ.

ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್‌ಗಳ, ಅಂದರೆ ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆಗಳ, ಲೆಕ್ಕ ತಪ್ಪಿರುವುದೇ ಕಾರಣ. 46 ಇರಬೇಕಾದ ಕಡೆ ಹೆಚ್ಚಾಗಿ 47 ಆಗಿರುತ್ತವೆ. ಹೀಗೆ ಹೆಚ್ಚಾಗುವುದು ಹಲವು ಬಾರಿ 16ನೆಯ ಕ್ರೋಮೋಸೋಮ್. ಇದು ಹೆಚ್ಚಾಗಿ ಅಂಡಾಣು ಸಿದ್ಧವಾಗುವಾಗ ಆಗುವ ಆಕಸ್ಮಿಕ, ತಾಯಿಯ ವಯಸ್ಸಿನೊಂದಿಗೆ ಇದರ ಸಾಧ್ಯತೆ ಏರುತ್ತದೆ, ಆದರೆ ವಂಶದಿಂದ ಇಳಿದು ಬಂದದ್ದಲ್ಲ. ಪದೇ ಪದೇ ಗರ್ಭಪಾತವಾಗುವ ದಂಪತಿಗಳಲ್ಲಿ ನೂರಕ್ಕೆ ಎರಡರಿಂದ ಐದು ಜೋಡಿಗಳಲ್ಲಿ ಮಾತ್ರ, ಗಂಡ ಹೆಂಡತಿಯರಲ್ಲಿ ಒಬ್ಬರ ಕ್ರೋಮೋಸೋಮ್ ತುಣುಕುಗಳು ಜಾಗ ಬದಲಿಸಿಕೊಂಡಿರುತ್ತವೆ. ಅವರು ಆರೋಗ್ಯವಾಗಿಯೇ ಇರುತ್ತಾರೆ, ಭ್ರೂಣಕ್ಕೆ ಹೋಗುವ ಪಾಲಿನಲ್ಲಿ ಹೆಚ್ಚುಕಡಿಮೆಯಾಗುತ್ತದೆ. ಇದನ್ನು ತಿಳಿಯುವ ಕ್ಯಾರಿಯೋಟೈಪ್ ರಕ್ತಪರೀಕ್ಷೆ ಭಾವನಿಗೂ ಆಗಬೇಕು. ಹೆಣ್ಣುಮಕ್ಕಳನ್ನು ಮಾತ್ರ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವುದು ನನಗೆ ಅನ್ಯಾಯವೆನಿಸುತ್ತದೆ.

ಇನ್ನು ಬ್ಯಾಕ್ಟೀರಿಯಾದ ವಿಷಯ. ಯೋನಿಯಲ್ಲಿ ಸಹಜವಾಗಿ ಇರುವ ಲ್ಯಾಕ್ಟೋಬ್ಯಾಸಿಲಸ್‌ಗಳು ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸಿ ಬೇರೆ ಸೂಕ್ಷ್ಮಜೀವಿಗಳು ಹೆಚ್ಚದಂತೆ ತಡೆಯುತ್ತವೆ. ಅವು ಕಡಿಮೆಯಿರುವ ಹೆಂಗಸರಲ್ಲಿ ಗರ್ಭಪಾತ ಹೆಚ್ಚು ಕಂಡುಬಂದಿದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆಯಾದರೂ, ಆ ಕೊರತೆಯೇ ಕಾರಣವೋ ಅಥವಾ ಬೇರೊಂದು ತೊಂದರೆಯ ಗುರುತೋ ಎಂಬುದು ಸಾಬೀತಾಗಿಲ್ಲ. ಕ್ಯಾಪ್ಸೂಲ್ ನುಂಗಿದರೆ ಗರ್ಭ ಉಳಿಯುತ್ತದೆ ಎಂಬ ಮಾತಿಗೂ ಗಟ್ಟಿ ಆಧಾರವಿಲ್ಲ, ಆದ್ದರಿಂದ ಅದಕ್ಕೆ ಹಣ ಹಾಕಬೇಡಿ. ವಾಸನೆಯುಳ್ಳ ಬಿಳಿಸ್ರಾವ ಇದ್ದರೆ ವೈದ್ಯರಿಗೆ ತೋರಿಸಬೇಕು, ಅದಕ್ಕೆ ಚಿಕಿತ್ಸೆ ಇದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಗರ್ಭಕ್ಕೆ ನಿಜಕ್ಕೂ ಅಪಾಯಕಾರಿ. ಕಾಯಿಸದ ಹಾಲನ್ನು ಬಸುರಿಯರು ಕುಡಿಯಬಾರದು ಎನ್ನುವುದು ಅದಕ್ಕೇ.

ಎರಡು ಬಾರಿ ಹೀಗಾದ ಮೇಲೆ ಆ್ಯಂಟಿಫಾಸ್ಫೊಲಿಪಿಡ್ ಪರೀಕ್ಷೆಯನ್ನು, ಅಂದರೆ ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುವ ಪ್ರತಿಕಾಯಗಳು ರಕ್ತದಲ್ಲಿವೆಯೇ ಎಂದು ನೋಡುವ ಪರೀಕ್ಷೆಯನ್ನು, ಬಿಡಬಾರದು. ಅದರಲ್ಲಿ ದೋಷ ಕಂಡರೆ 12 ವಾರಗಳ ನಂತರ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ಖಚಿತವಾದರೆ ಮುಂದಿನ ಗರ್ಭದಲ್ಲಿ ವೈದ್ಯರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಹೆಪಾರಿನ್ ಕೊಡುತ್ತಾರೆ, ಅದರಿಂದ ಅನೇಕರ ಗರ್ಭ ನಿಂತಿದೆ. ಥೈರಾಯ್ಡ್ ಪರೀಕ್ಷೆಯೂ, ಗರ್ಭಕೋಶದ ಸ್ಕ್ಯಾನಿಂಗೂ ಆಗಲಿ.

ಅಕ್ಕಾ, ಈ ಬಾರಿಯ ಅಂಗಾಂಶವನ್ನು ಕ್ರೋಮೋಸೋಮ್ ಪರೀಕ್ಷೆಗೆ ಕಳುಹಿಸಿದ್ದಾರೆಯೇ ಎಂದು ಆಸ್ಪತ್ರೆಯಲ್ಲಿ ಕೇಳು. ವರದಿ ಬಂದಿದ್ದರೆ ನನಗೊಬ್ಬಳಿಗೆ ಕಳುಹಿಸು, ಗುಂಪಿಗೆ ಹಾಕುವುದು ಬೇಡ.